ಇಬ್ಬರದೂ ಒಂದೇ ಡಬ್ಬಿ

ನಮ್ಮ ದೊಡ್ಡವ್ವನ ಮುಂದೆ ಯಾರಾದರೂ ಗುಟ್ಕಾ ಹಾಕಿಕೊಂಡು ಬಂದರೆ ಅವರ ಕಥೆ ಮುಗಿಯಿತು ಅಂತಲೇ ಲೆಕ್ಕ. ಒಮ್ಮೆ ನನ್ನ ಅಣ್ಣನ ಅಂಗಿಯ ಕಿಸೆಯಲ್ಲಿ ಗುಟ್ಕಾ ಚೀಟು ಸಿಕ್ಕಾಗ ಅದನ್ನು ಒಲೆಗೆ ಎಸೆದು, ಕೈಯಲ್ಲಿದ್ದ ಸೌಟಿನಿಂದಲೇ ಅವನಿಗೆ ಎರಡು ಬಾರಿಸಿದ್ದಳು. “ಕೊರಳಾಗ ಲಿಂಗ ಕಟ್ಕೊಂಡು ಬಾಯಾಗ ತಂಬಾಕ ಹಾಕ್ತೀಯೇನಲೇ? ನಾಚಿಗಿ ಬರೂದಿಲ್ಲ ನಿನಗ?” ಎಂದು ಓಣಿಗೆಲ್ಲ ಕೇಳುವಂತೆ ಒದರಿದಳು. ಆಮೇಲೆ ಸಿಟ್ಟಿಗೆ ತಲೆ ಸಿಡಿಯುತ್ತಿದೆಯೆಂದು ಹಿತ್ತಲಿಗೆ ಹೋಗಿ, ಸೊಂಟದ ಸಂಚಿಯಿಂದ ತಪಕೀರಿನ ಡಬ್ಬಿ ತೆಗೆದು, ತೋರುಬೆರಳಿಗೆ ಪುಡಿ ಹಚ್ಚಿ ಹಲ್ಲು ತಿಕ್ಕಿಕೊಂಡಳು.

ತಪಕೀರ ಅಂದರೆ ನಸ್ಯಪುಡಿ. ನಮ್ಮ ಕಡೆ ಹೆಂಗಸರು ಅದನ್ನು ಮೂಗಿಗೆ ಏರಿಸುವುದಿಲ್ಲ, ಹಲ್ಲಿಗೂ ವಸಡಿಗೂ ತಿಕ್ಕುತ್ತಾರೆ. ಅದನ್ನು ಚಟ ಅಂತ ಯಾರೂ ಕರೆಯುವುದಿಲ್ಲ, ಹಲ್ಲಿನ ಔಷಧ ಅನ್ನುತ್ತಾರೆ. ನನ್ನವ್ವ, ದೊಡ್ಡವ್ವ ಇಬ್ಬರೂ ಒಡಹುಟ್ಟಿದವರು, ಒಂದೇ ಮನೆಯ ಅಣ್ಣತಮ್ಮಂದಿರಿಗೆ ಕೊಟ್ಟವರು. ಅವ್ವನಿಗೆ ಮೊದಲ ಬಸುರಿನಲ್ಲಿ ಹಲ್ಲುನೋವು ಬಂದಾಗ, ಗುಳಿಗೆ ನುಂಗಿದರೆ ಕೂಸಿಗೆ ಕಾವು ಹತ್ತೀತೆಂದು ಹೆದರಿ, ದೊಡ್ಡವ್ವನೇ ಬೆರಳಿಗೆ ತಪಕೀರ ಹಚ್ಚಿ ತಿಕ್ಕಲು ಕಲಿಸಿದ್ದಳು. ಅಂದಿನಿಂದ ಇಬ್ಬರದೂ ಒಂದೇ ಡಬ್ಬಿ. ಸಂಶಿಯ ಸಂತೆಗೆ ಹೋದವರು ಉಪ್ಪು ತಂದ ಹಾಗೆ ಅದನ್ನೂ ತರುತ್ತಿದ್ದೆವು.

ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವ ಕೆಲಸ ನಡೆದಿತ್ತು. ಕೆಂಪು ಹಸಿಕಾಯಿ ಅರೆದು ಮಾಡಿದ ರಂಜಕ ಇಲ್ಲದೆ ದೊಡ್ಡವ್ವ ರೊಟ್ಟಿ ಮುರಿದವಳೇ ಅಲ್ಲ. ಅಂಥವಳು ಒಂದು ಮಧ್ಯಾಹ್ನ ಬದುವಿನ ಮೇಲೆ ಬುತ್ತಿ ಬಿಚ್ಚಿ ಒಂದು ತುತ್ತು ಬಾಯಿಗಿಟ್ಟು, ರಂಜಕವನ್ನು ಪಕ್ಕಕ್ಕೆ ಸರಿಸಿದಳು. “ಖಾರ ಭಾಳ ಆಗೈತಿ ಬೇ,” ಅಂದಳು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. “ನಿನಗ ಖಾರ ಹತ್ತೀತಂದ್ರ ಇನ್ನ ಮುಗೀತ ಬಿಡ. ಕೂಸಿನಂಗ ಹಾಲು ರೊಟ್ಟಿ ಕಲಿಸಿ ಕೊಡ್ತೀನಿ ತಗೋ!” ಎಂದು ಅವ್ವ ಅವಳ ಗಲ್ಲ ಹಿಂಡಿದಳು. ದೊಡ್ಡವ್ವನೂ ನಕ್ಕಳು. ಮರುದಿನದಿಂದ ನಿಜವಾಗಿಯೂ ಹಾಲು ರೊಟ್ಟಿಯನ್ನೇ ತಿಂದಳು.

ಕೆಳಗಿನ ವಸಡಿನಲ್ಲಿ ಹುಣ್ಣಾಗಿತ್ತು. ನಾನು ಊರಲ್ಲೇ ಮದುವೆಯಾದ ಮಗಳು, ದವಾಖಾನೆ ಅಂದರೆ ಎಲ್ಲರಿಗೂ ನಾನೇ. ಅವಳನ್ನೂ ಅವ್ವನನ್ನೂ ಬಸ್ಸು ಹತ್ತಿಸಿಕೊಂಡು ಕುಂದಗೋಳಕ್ಕೆ ಹೋದೆ. ಅಲ್ಲಿನ ಡಾಕ್ಟರು “ತಂಬಾಕು, ಗುಟ್ಕಾ ಏನಾದ್ರೂ ಹಾಕ್ತೀರೇನ್ರಿ ಅಮ್ಮಾ?” ಅಂದದ್ದೇ ತಡ, ಅವ್ವನ ಮೈ ಉರಿಯಿತು. “ನಮ್ಮನ್ನ ಏನಂತ ತಿಳದೀರ್ರಿ ಸಾಹೇಬ್ರ? ನಮ್ಮ ಮನ್ಯಾಗ ಗಂಡಸ್ರಿಗೂ ಮುಟ್ಟಗೊಡಂಗಿಲ್ರಿ ನಮ್ಮಕ್ಕ!” ಅಂದಳು. ಡಾಕ್ಟರು ಪಾಪ ಹಚ್ಚುವ ಔಷಧ, ಗುಳಿಗೆ ಬರೆದು, ಮಾಯದಿದ್ದರೆ ಬೇಗ ಬರಬೇಕೆಂದರು.

ನಾವು ಬೇಗ ಹೋಗಲಿಲ್ಲ. ಕಾಯಿ ಗಿಡದಲ್ಲೇ ಒಣಗುತ್ತಿದ್ದವು. ಅದಕ್ಕಿಂತ ಹೆಚ್ಚಾಗಿ, ಡಾಕ್ಟರ ಔಷಧಕ್ಕೆ ಕಡಿಮೆಯಾಗದ ನೋವು ತಪಕೀರಿಗೆ ಕಡಿಮೆಯಾಗುತ್ತಿತ್ತು! ಹಚ್ಚಿದ ಕೂಡಲೇ ಅಲ್ಲಿ ಜೋಮು ಹಿಡಿದ ಹಾಗಾಗುತ್ತಿತ್ತಂತೆ. ದೊಡ್ಡವ್ವ ಎದ್ದಾಗ, ಉಂಡಾಗ, ಮಲಗುವಾಗ ಹಚ್ಚಿದಳು. ಅವಳು ನರಳಿದಾಗಲೆಲ್ಲ ಅವ್ವನೇ ಡಬ್ಬಿ ತೆರೆದು ಹಿಡಿದಳು. ಹುಣ್ಣು ಮಾಡಿದ್ದನ್ನೇ ಹುಣ್ಣಿಗೆ ಸವರಿದೆವು, ಅದೂ ಎಷ್ಟು ಅಕ್ಕರೆಯಿಂದ! ಸುಡುಗಾಡು ತಪಕೀರ!

ಹಲ್ಲು ಅಲ್ಲಾಡತೊಡಗಿದ ಮೇಲೆ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಒಯ್ದೆವು. ಅಲ್ಲಿನ ಡಾಕ್ಟರಮ್ಮ ಬಾಯಿ ನೋಡಿ, ಆಮೇಲೆ ಅವಳ ಕೈ ಹಿಡಿದು ತೋರುಬೆರಳಿನ ಕಂದು ಕಲೆ ನೋಡಿದರು.

“ಇದೇನ್ರಿ ಅಮ್ಮಾ?”

“ತಪಕೀರ್ರಿ. ಹಲ್ಲಿಗೆ.”

“ಅದು ತಂಬಾಕಿನ ಪುಡಿನ ಅಲ್ಲೇನ್ರಿ!”

ದೊಡ್ಡವ್ವ ಅವ್ವನ ಮುಖ ನೋಡಿದಳು. “ಔಷಧ ಅಲ್ಲೇನ್ರಿ ಅದು?” ಅಂತ ಮೆಲ್ಲಗೆ ಕೇಳಿದಳು. ಇಡೀ ಓಣಿಯನ್ನು ಗದರಿಸಿದ ಬಾಯಿ ಅದು. ನನಗೆ ಅಳು ತಡೆಯಲಿಲ್ಲ.

ಕ್ಯಾನ್ಸರು ಎಲುಬಿಗೆ ಇಳಿದಿತ್ತು. ಕೆಳದವಡೆಯ ಅರ್ಧ ತೆಗೆದರು. ಮನೆಗೆ ಬಂದ ದೊಡ್ಡವ್ವ ಕಣ್ಣಷ್ಟೇ ಬಿಟ್ಟು ಮುಖಕ್ಕೆಲ್ಲ ಸೆರಗು ಸುತ್ತಿಕೊಂಡಳು. ಮೂಗಿನ ನಳಿಗೆಯಿಂದ ಗಂಜಿ ಹಾಕುವ ನನ್ನೊಬ್ಬಳನ್ನು ಬಿಟ್ಟು ಯಾರಿಗೂ ಮುಖ ತೋರಿಸಲಿಲ್ಲ, ಅವ್ವನಿಗೂ ಇಲ್ಲ. ತಪಕೀರ ಇನ್ನು ಮುಟ್ಟುವುದಿಲ್ಲವೆಂದು ಅವ್ವ ಅಕ್ಕನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದಳು. ಮಾಡಿದ್ದೇ ಬಂತು. ದನದ ಕೊಟ್ಟಿಗೆಯಿಂದ ಹೊರಬರುವಾಗ ಆಕೆ ತುಟಿ ಒರೆಸಿಕೊಳ್ಳುವ ರೀತಿ ನನಗೆ ಗೊತ್ತಿರಲಿಲ್ಲವೇ? ಬೈದರೆ, “ತಲಿ ತಿರಗತೈತಿ ಬೇ, ಏನ ಮಾಡ್ಲಿ? ಬಿಡಾಕ ಆಗವಲ್ದು,” ಎಂದು ಅಳುತ್ತಿದ್ದಳು.

ಒಂದು ದಿನ ಕಳೆ ಕೀಳುವ ಜೊತೆಗಾತಿಯರು ದೊಡ್ಡವ್ವನನ್ನು ಮಾತಾಡಿಸಲು ಬಂದರು. ಪಡಸಾಲೆಯಲ್ಲಿ ಅವಳ ಹಾಸಿಗೆಯ ಸುತ್ತ ಕೂತು ಮರುಗಿದರು, ಕಣ್ಣೊರೆಸಿಕೊಂಡರು. ಮರುಗಿ ಮರುಗಿ ಒಬ್ಬಾಕೆ ಡಬ್ಬಿ ತೆಗೆದಳು. ಅದು ಕೈಯಿಂದ ಕೈಗೆ ಹೋಗಿ ಅವ್ವನ ಹತ್ತಿರ ಬಂತು. ಅವ್ವ ಅಳುತ್ತಲೇ, ಏನು ಮಾಡುತ್ತಿದ್ದೇನೆಂಬ ಎಚ್ಚರವೂ ಇಲ್ಲದೆ, ಬೆರಳು ಅದ್ದಿದಳು.

ದೊಡ್ಡವ್ವ ಹಾಸಿಗೆಯಿಂದ ಎದ್ದು ಕೂತು ಸೆರಗನ್ನು ಕಿತ್ತೆಸೆದಳು. ಹೆಂಗಸರು “ಯವ್ವಾ!” ಎಂದು ಹಿಂದೆ ಸರಿದರು. ಅವಳು ಅವ್ವನ ಮುಂಗೈ ಹಿಡಿದು ಎಳೆದು, ಪುಡಿ ಹತ್ತಿದ ಅದೇ ಬೆರಳನ್ನು ತನ್ನ ಬಾಯೊಳಗೆ ಇಟ್ಟುಕೊಂಡಳು. ಎಲುಬು ಇರಬೇಕಾದ ಜಾಗಕ್ಕೆ ಒತ್ತಿದಳು. ಅವ್ವ ಚೀರಿದಳು. ದೊಡ್ಡವ್ವ ಬಿಡಲಿಲ್ಲ. ಜೊಲ್ಲು, ಕಣ್ಣೀರು ಅವ್ವನ ಮೊಣಕೈವರೆಗೆ ಇಳಿದವು.

ಅಂದೇ ಅವ್ವ ಬಿಟ್ಟಳು. ತಲೆಶೂಲೆ, ಸಿಡಿಮಿಡಿ, ನಿದ್ದೆಯಿಲ್ಲದ ರಾತ್ರಿ ಎಲ್ಲವನ್ನೂ ಸಹಿಸಿದಳು. ಮುಂದಿನ ಬಿತ್ತನೆಗೆ ದೊಡ್ಡವ್ವ ಇರಲಿಲ್ಲ. ಅವಳ ಸಂಚಿಯಲ್ಲಿದ್ದ ಡಬ್ಬಿಯನ್ನು ಅವ್ವನೇ ತಿಪ್ಪೆಗೆ ಎಸೆದಳು.

ನಿನ್ನೆ ಈ ವರ್ಷದ ಹೊಸ ಕಾಯಿಯ ರಂಜಕ ಮಾಡಿದ್ದೆ. ಅವ್ವ ಒಂದು ತುತ್ತು ಬಾಯಿಗಿಟ್ಟು, ಅದನ್ನು ತಾಟಿನ ಅಂಚಿಗೆ ಸರಿಸಿದಳು.

“ಖಾರ ಭಾಳ ಆಗೈತಿ ಬೇ,” ಅಂದಳು.

ಯಾರೂ ನಗಲಿಲ್ಲ. ನಾನು ಬೆರಳಿಗೆ ಹಚ್ಚಿಕೊಂಡು ನೆಕ್ಕಿ ನೋಡಿದೆ. ಪ್ರತಿವರ್ಷದಷ್ಟೇ ಖಾರವಿತ್ತು.