ಒಪಲಮ್ಮನ ಗಾಜಿನ ಪಾತ್ರೆ

ರೊವೀನಾ ಸ್ಟೆಂಪಲ್‌ಳ ಎದೆಯ ಮೇಲಿನ ಬಿಲ್ಲೆಯಲ್ಲಿ 'ರೋಗಿಗಳ ಪರ' ಎಂದು ಬರೆದಿತ್ತು. ಸಂಬಳ ಮಾತ್ರ ಆಸ್ಪತ್ರೆಯದು. ಅಮೆರಿಕದ ಪಶ್ಚಿಮ ವರ್ಜೀನಿಯಾದ ಒಂದು ಗಣಿ ಊರಿನಲ್ಲಿ ಹದಿನಾಲ್ಕು ವರ್ಷ ಜನರ ದೂರು ಕೇಳಿದಳು, ಕಣ್ಣೀರಿಗೆ ಜೊತೆ ಕೂತಳು, ಹೇಳಿದ್ದನ್ನೆಲ್ಲ ಬರೆದುಕೊಂಡಳು. ಬರೆದದ್ದು ಸಂಜೆಯೊಳಗೆ ಮೂರನೇ ಮಹಡಿಯಲ್ಲಿ ಆಸ್ಪತ್ರೆಯ ವಕೀಲರ ಮೇಜು ಸೇರುತ್ತಿತ್ತು. ಅದನ್ನು ಅವಳು ಹೇಳುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ.

ಒಪಲ್ ಹಿಂಕಲ್ ಬಂದದ್ದು ಗಂಡ ವರ್ಜಿಲ್ ತೀರಿಕೊಂಡ ಮರುವಾರ. ಮೂವತ್ತು ವರ್ಷ ಗಣಿಗಿಳಿದು ಜೀವಂತ ಮೇಲೆ ಬಂದ ಮನುಷ್ಯ ಆಸ್ಪತ್ರೆಯ ಮಂಚದಿಂದ ಬಿದ್ದು ಸತ್ತಿದ್ದ. ಬರಿಗೈಯಲ್ಲಿ ಬರಬಾರದೆಂದು ಮುದುಕಿ ಗಾಜಿನ ಪಾತ್ರೆಯ ತುಂಬ ಸೇಬಿನ ಸಿಹಿ ತಂದಿದ್ದಳು.

"ಕೋರ್ಟು ಗೀರ್ಟು ಏನೂ ಬೇಡ ಕಣಮ್ಮ. ಪಾಯಿಖಾನೆಗೆ ಹೋಗ್ಬೇಕು ಅಂತ ನಮ್ಮೋರು ನರ್ಸನ್ನ ಕರೆಯೋ ಗಂಟೆ ಒತ್ತಿರ್ತಾರೆ. ಎಷ್ಟು ಹೊತ್ತು ಬಾರಿಸ್ತು, ಯಾಕೆ ಯಾರೂ ಬರ್ಲಿಲ್ಲ, ಅಷ್ಟು ಹೇಳ್ಸು ಸಾಕು." ಆಮೇಲೆ ದನಿ ತಗ್ಗಿಸಿದಳು. "ನಿನ್ ಹತ್ರ ಮುಚ್ಚಿಡೋದೇನು? ಬೆಳಿಗ್ಗೆ ಗಡ್ಡ ತೆಗೆಯೋಕೆ ಅಂತ, ಬೀಳದ ಹಾಗೆ ಮಂಚದ ಪಕ್ಕಕ್ಕಿರೋ ಕಂಬಿ ನಾನೇ ಇಳಿಸಿದ್ದೆ. ಮತ್ತೆ ಏರಿಸಿದ್ನೋ ಇಲ್ವೋ, ನೆನಪೇ ಆಗ್ತಿಲ್ಲ."

ರೊವೀನಾಳ ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ ಅದನ್ನೂ ಬರೆಯಿತು.

ಗಂಟೆಯ ದಾಖಲೆಯನ್ನು ಅವಳು ಕಣ್ಣಾರೆ ನೋಡಿದಳು: ನಲವತ್ತೊಂದು ನಿಮಿಷ ಬಾರಿಸಿತ್ತು. ವಕೀಲರು ಅವಳ ಟಿಪ್ಪಣಿ ಓದಿ, "ಕಂಬಿ ಒಂದೇ ಸಾಕು. ಗಂಟೆ ವಿಷಯ ಬಾಯಿ ಬಿಡ್ಬೇಡಿ" ಎಂದರು. 'ಮಂಚದ ಕಂಬಿಯನ್ನು ಮನೆಯವರೇ ಇಳಿಸಿದ್ದರೆಂದು ತಿಳಿದುಬಂದಿದೆ, ನಿಮ್ಮ ದುಃಖಕ್ಕೆ ವಿಷಾದವಿದೆ' ಎಂಬ ಪತ್ರ ಒಪಲ್‌ಳ ಮನೆಗೆ ಹೋಯಿತು. ಕೆಳಗೆ ರೊವೀನಾಳದೇ ಸಹಿ.

ಹತ್ತು ದಿನ ಬಿಟ್ಟು ಒಪಲ್ ಪಾತ್ರೆ ಕೇಳಿಕೊಂಡು ಬಂದಳು. ಆ ಸೀಮೆಯಲ್ಲಿ ಯಾರೂ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದಿಲ್ಲ. ರೊವೀನಾ ಅಂಗಡಿಯ ಬಿಸ್ಕತ್ತು ತುಂಬಿಟ್ಟಿದ್ದಳು; ಅಷ್ಟು ಮರ್ಯಾದೆ ಅವಳಿಗೂ ಇತ್ತು.

"ನಾನೇ ಕೊಂದೆ ಅಂತ ಬರ್ದಿದ್ದೀಯ."

"ಹಾಗೆ ಬರ್ದಿಲ್ಲ, ಅಮ್ಮ."

"ಹಂಗಾದ್ರೆ ಹೇಳು. ಗಂಟೆ ಎಷ್ಟು ಹೊತ್ತು ಬಾರಿಸ್ತು?"

ನಲವತ್ತೊಂದು ನಾಲಿಗೆಯ ತುದಿಯಲ್ಲೇ ಇತ್ತು. "ಅದನ್ನ ನಾನು ಹೇಳೋ ಹಾಗಿಲ್ಲ. ನಿಯಮ." ಹೇಡಿತನಕ್ಕೆ ಎಷ್ಟು ಗೌರವದ ಹೆಸರು.

ಒಪಲ್ ಬಿಲ್ಲೆಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಓದಿದಳು. ಪಾತ್ರೆಯನ್ನು ಬೋರಲು ಮಾಡಿ ಬಿಸ್ಕತ್ತನ್ನೆಲ್ಲ ಮೇಜಿನ ಮೇಲೆ ಸುರಿದಳು. "ಖಾಲಿನೇ ಇರ್ಲಿ" ಎಂದು ಪಾತ್ರೆಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಹೋದಳು.

ರೊವೀನಾ ಕೆಲಸ ಬಿಡಲಿಲ್ಲ. ಇನ್ನೂ ಆರು ವರ್ಷ ಅದೇ ಕುರ್ಚಿಯಲ್ಲಿ ಕೂತಳು. ಯಾರಾದರೂ "ನಿಮ್ಮ ಹತ್ರ ಮುಚ್ಚಿಡೋದೇನು" ಎಂದು ಶುರು ಮಾಡಿದರೆ ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದಳು.