ಭಾವನ ಕುದುರೆ ಮೆಟ್ಟಿಲು

ನನ್ನ ಅಕ್ಕನ ಗಂಡ ವಸ್ತುಸಂಗ್ರಹಾಲಯದಲ್ಲಿ ಅಚ್ಚು ತೆಗೆಯುವವರಾಗಿದ್ದರು. ಬಂಡೆಗಳಲ್ಲಿ ದೊರೆತ ಎಲುಬುಗಳ ಪ್ಲಾಸ್ಟರ್ ಪ್ರತಿ ಮಾಡಿ, ಕಬ್ಬಿಣದ ಸರಳಿಗೆ ಬಿಗಿದು ನಿಲ್ಲಿಸುವುದು ಅವರ ಕೆಲಸ. "ನಿಮ್ಮ ಭಾವ ಮನೆಗೆ ಬಂದ್ರೆ ಹಿಟ್ಟಿನ ಗಿರಣಿನೇ ಬಂದ ಹಾಗೆ" ಎಂದು ಅಕ್ಕ ರೇಗುತ್ತಿದ್ದಳು.

ಅವರ ಹೆಮ್ಮೆಯೆಂದರೆ ಅಲ್ಲಿ ಅವರೇ ಕಟ್ಟಿದ ಕುದುರೆ ಮೆಟ್ಟಿಲು: ಮರದ ನಾಲ್ಕು ಮೆಟ್ಟಿಲು, ಒಂದೊಂದರ ಮೇಲೂ ಒಂದು ಕುದುರೆಯ ಅಸ್ಥಿಪಂಜರ. ಕೆಳಗೆ ನರಿಯಷ್ಟೇ ಇದ್ದ ಆದಿ ಕುದುರೆ, ಮುಂಗಾಲಿಗೆ ನಾಲ್ಕು ಬೆರಳು. ಅದರ ಮೇಲೆ ಮೂರು ಬೆರಳಿನವು ಎರಡು, ಒಂದಕ್ಕಿಂತ ಒಂದು ದೊಡ್ಡದು. ತುದಿಯಲ್ಲಿ ಒಂಟಿ ಗೊರಸಿನ ಇಂದಿನ ಕುದುರೆ. ನಾನು ಪ್ರಾಣಿಶಾಸ್ತ್ರದ ಮೇಷ್ಟ್ರು; ಅದನ್ನು ಕಂಡಾಗಲೆಲ್ಲ ಮೈ ಉರಿಯುತ್ತಿತ್ತು. ಕುದುರೆಯೇನು ಒಂಟಿ ಗೊರಸಿನ ಗುರಿಯಿಟ್ಟುಕೊಂಡು ಹೊರಟಿತ್ತೇ? ಅದರ ವಂಶ ಹತ್ತಾರು ಕವಲೊಡೆದ ಪೊದೆ. ಏಕಕಾಲದಲ್ಲಿ ಹಲವು ಬಗೆಯವು ಬದುಕಿದ್ದವು, ಬಹುಪಾಲು ಅಳಿದವು. ಪುಸ್ತಕಗಳು ಇಂದಿಗೂ ಆ ಏರುಸಾಲನ್ನೇ ಮುದ್ರಿಸುತ್ತಿರುವುದು ನಾಚಿಕೆಗೇಡು.

"ಜನಕ್ಕೆ ಅರ್ಥ ಆಗುತ್ತಲ್ಲ ಮೇಷ್ಟ್ರೇ, ಬಿಡಿ" ಎನ್ನುತ್ತಿದ್ದರು ಭಾವ.

ಅವರ ಸೇವೆಯ ಕೊನೆಯ ವರ್ಷ ಮೇಲ್ವಿಚಾರಕಿ ಒಂದು ಪುಟ್ಟ ಕುದುರೆಯ ಎಲುಬುಗಳನ್ನು ತಂದುಕೊಟ್ಟರು. ಮೂರು ಬೆರಳಿನದೇ, ಕಾಲದಲ್ಲಿ ಈಚಿನದು, ಗಾತ್ರದಲ್ಲಿ ಮಾತ್ರ ತನ್ನ ಪೂರ್ವಜರಿಗಿಂತ ಕುಳ್ಳು. ಭಾವ ತಿಂಗಳುಗಟ್ಟಲೆ ದುಡಿದು ಅದನ್ನು ನಿಲ್ಲಿಸಿದರು. ಅಷ್ಟು ನಾಜೂಕಿನ ಕೆಲಸವನ್ನು ಅವರು ಹಿಂದೆಂದೂ ಮಾಡಿರಲಿಲ್ಲ.

"ಮೆಟ್ಟಿಲ ಮೇಲೆ ಹೊಂದದಿದ್ರೆ ಗೋದಾಮಿಗೆ ಹಾಕೋಣ, ಬೇರೆ ಜಾಗ ಇಲ್ಲ" ಎಂದರು ಮೇಲ್ವಿಚಾರಕಿ.

ಅಂದು ನಾನೂ ಅಲ್ಲಿದ್ದೆ. ಭಾವ ಅದನ್ನು ಮೂರನೆಯ ಮೆಟ್ಟಿಲಿನಲ್ಲಿ ದೊಡ್ಡದರ ಪಕ್ಕಕ್ಕಿಟ್ಟರು.

"ಅಯ್ಯೋ, ಮರಿ ಎಷ್ಟು ಮುದ್ದಾಗಿದೆ!" ಎಂದ ಕಾವಲುಗಾರ.

ಭಾವ ಅದರ ಕಾಲಡಿಗೆ ಮರದ ದಿಮ್ಮಿ ಕೊಟ್ಟರು.

"ಮಣೆ ಹತ್ತಿಸಿದ್ರೆ ಮರಿ ಬೆಳೆದುಬಿಡುತ್ತಾ, ಅಣ್ಣಾ?"

"ಹಲ್ಲು ನೋಡಯ್ಯಾ, ಅದು ಮರಿಯಲ್ಲ!" ನಾನು ಗದರಿದೆ.

"ಆ ಹಲ್ಲಿನ ಅಚ್ಚು ತೆಗೆದವನು ನಾನು. ಮುದಿ ಕುದುರೆ ಹಲ್ಲು, ಸವೆದು ಚಪ್ಪಟೆ ಆಗಿವೆ. ನೀವು ಸುಮ್ನಿರಿ ಮೇಷ್ಟ್ರೇ" ಎಂದು ಭಾವ ನನ್ನ ಮೇಲೇ ಹಾಯ್ದರು.

ಆಮೇಲೆ ಕೆಳಮೆಟ್ಟಿಲಿನಲ್ಲಿ ಕುಳಿತು, ಮರದ ಅಂಚನ್ನು ಅಂಗೈಯಿಂದ ಬಹಳ ಹೊತ್ತು ಸವರಿದರು. ಕೊನೆಗೆ ಕಾವಲುಗಾರನಿಗೆ, "ಗರಗಸ ತಗೊಂಡು ಬಾ" ಎಂದರು.

ಕುದುರೆಗಳೆಲ್ಲ ನೆಲಕ್ಕಿಳಿದವು, ಮೆಟ್ಟಿಲು ತುಂಡುತುಂಡಾಯಿತು. ಭಾವ ಮಂಡಿಯೂರಿ, ಅವುಗಳ ನಡುವೆ ಕವಲು ಕವಲಾಗಿ ನೆಲದ ಮೇಲೆ ಬಿಳಿ ಬಣ್ಣದ ದಾರಿಗಳನ್ನು ಬರೆದರು. ಪುಟ್ಟ ಕುದುರೆಯ ದಾರಿ ಅದರ ಮೂಗಿನ ಮುಂದೆ ಗೇಣುದ್ದ ಹೋಗಿ ನಿಂತಿತು.

"ಬಣ್ಣ ಖಾಲಿಯಾಯ್ತಾ?" ಕಾವಲುಗಾರ ಕೇಳಿದ.

"ಡಬ್ಬಿ ತುಂಬ ಇದೆ. ಇದರ ಸಂತಾನ ಅಲ್ಲಿಂದ ಮುಂದೆ ಬರಲಿಲ್ಲ, ಅಷ್ಟೇ" ಎಂದು ಭಾವ ಕುಂಚ ತೊಳೆಯಲು ಹೋದರು.