ಅಪ್ಪ ನೆಲಕ್ಕೆ ಕೂತ ಬೇಸಿಗೆ

ಆಗ ನಮ್ಮ ಹಳದೀಪುರದ ಹೆದ್ದಾರಿ ಅಂದರೆ ಎರಡು ಬಸ್ಸು ಎದುರಾದರೆ ಒಂದು ಮಣ್ಣಿಗೆ ಇಳಿಯಬೇಕು, ಅಷ್ಟೇ ಅಗಲ. ಮದುವೆ ಅಂದರೆ ಮನೆಯಂಗಳದ ಚಪ್ಪರ, ಊಟ ಅಂದರೆ ನೆಲದ ಮೇಲೆ ಬಾಳೆಲೆ. ಊರಿನ ಯಾವ ಕಾರ್ಯಕ್ಕೆ ಹೋದರೂ ಕುರ್ಚಿ ಹಾಕುತ್ತಿದ್ದದ್ದು ಇಬ್ಬರಿಗೆ: ಶಾಲೆಯ ಮಾಸ್ತರರಿಗೆ ಮತ್ತು ನಮ್ಮ ಅಪ್ಪನಿಗೆ. ಮಾಸ್ತರರದ್ದು ಮರ್ಯಾದೆಯ ಕುರ್ಚಿ, ಅಪ್ಪನದ್ದು ಮೊಣಕಾಲಿನ ಕುರ್ಚಿ.

ಅಪ್ಪ ಒಂದು ಕಾಲದ ಪೈಲ್ವಾನ. ಭಟ್ಕಳದಿಂದ ಕುಮಟೆಯವರೆಗೆ ಎಲ್ಲಿ ಕುಸ್ತಿ ಇದ್ದರೂ ಹೋಗುತ್ತಿದ್ದರಂತೆ, ಬೆನ್ನಿಗೆ ಮಣ್ಣು ತಾಗಿಸಿಕೊಳ್ಳದೆ ಬರುತ್ತಿದ್ದರಂತೆ. ನಾನು ಹುಟ್ಟುವ ಹೊತ್ತಿಗೆ ಅದೆಲ್ಲ ಮುಗಿದಿತ್ತು. ನನಗೆ ಸಿಕ್ಕಿದ್ದು ಅವರ ಎಡ ಮೊಣಕಾಲು. ಸಂಜೆ ಲಕ್ಕಿ ಸೊಪ್ಪು ಬೇಯಿಸಿದ ನೀರಿನ ಶಾಖ ಕೊಡುವುದು, ಆಮೇಲೆ ಬಿಸಿ ಮಾಡಿದ ಹೊನ್ನೆ ಎಣ್ಣೆ ತಿಕ್ಕುವುದು ನನ್ನ ಕೆಲಸ. ಹೊನ್ನೆ ಎಣ್ಣೆಯ ವಾಸನೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ, ಗೊತ್ತಿಲ್ಲದವರಿಗೆ ಹೇಳಿ ಪ್ರಯೋಜನವಿಲ್ಲ. ಪುಸ್ತಕ ತೆರೆದರೂ ಅದೇ ವಾಸನೆ, ಗಂಜಿ ಉಂಡರೂ ಅದೇ.

ತಿಕ್ಕುತ್ತಿದ್ದ ಹಾಗೆ ಅಪ್ಪ ಕಣ್ಣು ಮುಚ್ಚಿ ಗರಡಿಯ ಮಾತಾಡುತ್ತಿದ್ದರು. ಕೆಂಪು ಮಣ್ಣನ್ನು ಜರಡಿ ಹಿಡಿದು, ಮಜ್ಜಿಗೆ, ಎಣ್ಣೆ, ಅರಿಶಿನ ಹಾಕಿ ಹದ ಮಾಡುತ್ತಿದ್ದದ್ದು, ಬೆಳಗಿನ ಜಾವ ಅದು ಕಾಲಿಗೆ ತಣ್ಣಗೆ ಹತ್ತುತ್ತಿದ್ದದ್ದು. "ಆ ಮಣ್ಣು ಯಾರಿಗೂ ನೋವು ಮಾಡೂದಿಲ್ಲ ಮಗಳೇ" ಅನ್ನುತ್ತಿದ್ದರು. ನನ್ನ ಕೈಯೊಳಗೆ ಮೊಣಕಾಲು ಕಟಕಟ ಅನ್ನುತ್ತಿತ್ತು. ಹಾಗಾದರೆ ಇದನ್ನು ಮಾಡಿದ್ದು ಯಾರು ಎಂದು ನನಗೆ ತಿಳಿಯುತ್ತಿರಲಿಲ್ಲ.

ತಿಳಿಸಿದ್ದು ಹೊನ್ನಾವರದ ಡಾಕ್ಟರು. ಆ ವರ್ಷ ಗೇರುಹೂವು ಬಿಡುವ ಹೊತ್ತಿಗೆ ಅಕ್ಕನ ಮದುವೆ ಗೊತ್ತಾಯಿತು. ಹುಡುಗ ಕುಮಟೆಯವರು, ಬಸ್ಸುಗಳ ಮೆಕ್ಯಾನಿಕ್. ಮುಹೂರ್ತ ವೈಶಾಖದಲ್ಲಿ. ನಮ್ಮಲ್ಲಿ ಧಾರೆಗೆ ಮೊದಲು ಹೆಣ್ಣಿನ ಅಪ್ಪ ನೆಲದ ಮೇಲೆ ಕೂತು ಮದುಮಗನ ಕಾಲು ತೊಳೆಯಬೇಕು. ಕಾಲು ಮಡಚಲಾಗದ ಅಪ್ಪ, ಶಾಲೆಗೆ ಬೇಸಿಗೆ ರಜೆ ಬಿದ್ದದ್ದೇ, ನಾವು ಆಯಿ ಎನ್ನುವ ಅಮ್ಮನನ್ನೂ ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದರು.

ಡಾಕ್ಟರು ಮೊಣಕಾಲಿನ ಎಕ್ಸ್‌ರೇ ಫೋಟೋವನ್ನು ಬೆಳಕಿಗೆ ಹಿಡಿದು ಕೇಳಿದರು, "ಹಿಂದೆ ಯಾವಾಗಲಾದ್ರೂ ಕಾಲು ತಿರುಚಿತ್ತಾ?"

"ಒಂದು ಕುಸ್ತಿಲಿ ಅವ ಕಾಲು ಹಾಕಿ ತಿರುಪ್ದ. ಟಕ್ ಅಂತು. ಆದ್ರೆ ಗೆದ್ದದ್ದು ನಾನೇ."

"ಆಮೇಲೆ?"

"ಬಟ್ಟೆ ಕಟ್ಕಂಡು ಕೂತು ಎದ್ದು ಬೈಠಕ್ ಹೊಡ್ದೆ. ನೋವನ್ನ ಬೈಠಕಲ್ಲೇ ಬಿಡಿಸ್ಬೇಕು ಅಂತ ನಮ್ಮ ಉಸ್ತಾದ್ರು ಹೇಳ್ತಿದ್ರು."

ಡಾಕ್ಟರಿಗೆ ನಗಬೇಕೋ ಬಯ್ಯಬೇಕೋ ತಿಳಿಯಲಿಲ್ಲ. ಒಳಗಿನ ನಾರು ಅವತ್ತೇ ಹರಿದಿತ್ತು, ಆಗ ಕಾಲಿಗೆ ವಿಶ್ರಾಂತಿ ಬೇಕಿತ್ತು ಎಂದರು. ಹರಿದ ಕಾಲಿನ ಮೇಲೆ ವರ್ಷಗಟ್ಟಲೆ ಬೈಠಕ್ ಹೊಡೆದು ಎಲುಬುಗಳ ನಡುವಿನ ಮೆತ್ತೆ ಸವೆದಿದೆ, ಈಗ ಮೇಲಿನಿಂದ ಈ ಭಾರ ಬೇರೆ ಎಂದರು. ಭಾರದ ಮಾತು ಬಂದದ್ದೇ ಆಯಿ ಬಾಯಿ ಬಿಟ್ಟಳು, "ಗರಡಿ ಬಿಟ್ರು ಡಾಕ್ಟ್ರೇ, ಗರಡಿ ಊಟ ಬಿಡ್ಲಿಲ್ಲ!" ಅಪ್ಪ ಗೋಡೆ ನೋಡಿದರು.

ಸುದ್ದಿ ಮನೆಗೆ ನಮಗಿಂತ ಮೊದಲೇ ಮುಟ್ಟಿತ್ತೋ ಏನೋ. ಚಿಕ್ಕಪ್ಪ ಬಂದು ಜಗಲಿಯಲ್ಲಿ ಕೂತು ಮೆಲ್ಲಗೆ ಅಂದರು, "ಅಣ್ಣಾ, ಕಾಲು ತೊಳೂಕೆ ನಾನೇ ಕೂತ್ಕಂತೆ. ತಪ್ಪೆಂತ ಇಲ್ಲ, ಭಟ್ರೂ ಆತು ಅಂದಾರೆ."

"ನೋಡ್ವಾ" ಅಂದರು ಅಪ್ಪ, ಅಷ್ಟೇ. ಅಕ್ಕ ಬಾಗಿಲ ಹಿಂದೆ ನಿಂತಿದ್ದಳು. ಅವಳಿಗೆ ಅಪ್ಪನೇ ಕೂರಬೇಕು ಎಂಬ ಆಸೆ, ಅಪ್ಪ ಕೂತರೆ ಎಂತಾಗುತ್ತದೋ ಎಂಬ ಹೆದರಿಕೆ. ಒಳಗೆ ಹೋಗಿ ಪಾತ್ರೆ ತಿಕ್ಕಿದಳು.

ಮರುದಿನ ಸಂಜೆ ಅಪ್ಪ ನನ್ನನ್ನು ಕರೆದರು. "ಬಾರೇ, ಸಮುದ್ರಕ್ಕೆ ಹೋಗ್ವಾ. ಆಯಿ ಹತ್ರ ಹೇಳೂದು ಬ್ಯಾಡ."

ಆ ಸಂಜೆಗಳನ್ನು ನೆನೆದರೆ ಈಗಲೂ ನಾನು ಎಲ್ಲಿದ್ದೇನೆ ಎಂಬುದೇ ಮರೆತುಹೋಗುತ್ತದೆ. ರಜೆಯ ದಿನಗಳು. ದಾರಿಯುದ್ದಕ್ಕೂ ಕೊಳೆತ ಗೇರುಹಣ್ಣಿನ ಅಮಲು ವಾಸನೆ, ದಂಡೆ ಹತ್ತಿರಾದಂತೆ ಒಣಮೀನಿನದ್ದು. ಬಿಸಿಲು ಇಳಿದರೂ ಮರಳಿನ ಒಳಗೆ ಹಗಲು ಬೆಚ್ಚಗೆ ಉಳಿದಿರುತ್ತಿತ್ತು. ನೀರು ಬಂದು ಹೋದ ಜಾಗದಲ್ಲಿ ನಾನು ಕಾಲಿನಿಂದ ಒಂದು ದೊಡ್ಡ ವೃತ್ತ ಎಳೆಯಬೇಕು. ಅದು ಅಖಾಡ. ಅಪ್ಪ ಒಳಗೆ ಬಂದು ಮರಳು ಮುಟ್ಟಿ ಹಣೆಗೆ ಹಚ್ಚಿಕೊಂಡು ಬಲಗೈ ಚಾಚುತ್ತಿದ್ದರು, ಹೆಬ್ಬೆರಳು ಮೇಲಕ್ಕೆ. ನಾನು ಹಿಡಿಯಬೇಕು. "ಕೈ ಕೂಡಿಸ್ದೆ ಕುಸ್ತಿ ಶುರು ಮಾಡೂಕಾಗ. ನಿಮ್ಮಕ್ಕಂಗೂ ಸಣ್ಣದಿರ್ವಾಗ ಇದೇ ಕಲ್ಸಿದ್ದೆ" ಅನ್ನುತ್ತಿದ್ದರು.

ಆಮೇಲೆ ಕೂರುವುದು. ಎಂಥೆಂಥವರನ್ನೋ ಎತ್ತಿ ಹಾಕಿದ ಅಪ್ಪನಿಗೆ ತಮ್ಮನ್ನೇ ನೆಲಕ್ಕೆ ಇಳಿಸಿಕೊಳ್ಳಲು ಆಗುತ್ತಿರಲಿಲ್ಲ. ಮೊದಲ ದಿನ ಅರ್ಧದಲ್ಲೇ ದೊಪ್ಪನೆ ಬಿದ್ದರು. ನಾನು ನಕ್ಕೆ, ಅವರೂ ನಕ್ಕರು, ಆಮೇಲೆ ಅವರ ಕಣ್ಣಲ್ಲಿ ನೀರು ನೋಡಿ ನನ್ನ ನಗು ನಿಂತಿತು. ದಿನಾ ಹೋದೆವು. ಕಾಲು ಅಷ್ಟಷ್ಟೇ ಮಡಚತೊಡಗಿತು. ಏಳುವಾಗ ಮುಷ್ಟಿಯನ್ನು ಒದ್ದೆ ಮರಳಿನಲ್ಲಿ ಊರಿ, ಉಸಿರು ಕಟ್ಟಿ, ಹೂಂ ಎಂದು ಎದ್ದು ನಿಲ್ಲುತ್ತಿದ್ದರು. ನಾನು ಕೈ ಚಾಚಿದರೆ, "ಹಿಡೀಬ್ಯಾಡ, ಅಲ್ಲಿ ಹಿಡಿಯೂಕೆ ಯಾರೂ ಇರೂದಿಲ್ಲ" ಅನ್ನುತ್ತಿದ್ದರು. ಅವರ ಹಿಂದೆ ಸೂರ್ಯ ನೀರಿಗಿಳಿಯುತ್ತಿದ್ದ. ಆ ಬೆಳಕಿನಲ್ಲಿ ಅಪ್ಪ ಇನ್ನೂ ಕುಸ್ತಿ ಬಿಟ್ಟಿಲ್ಲವೆಂದೇ ನನಗೆ ಅನಿಸುತ್ತಿತ್ತು.

ಅಪ್ಪನ ಲುಂಗಿ ಒಗೆಯುವಾಗ ಅಕ್ಕನಿಗೆ ಮರಳು ಸಿಗದೇ ಇರುತ್ತದೆಯೇ? ಒಂದು ದಿನ ಬಾವಿಕಟ್ಟೆಯಲ್ಲಿ ಕೇಳಿದಳು, "ಅಪ್ಪ ಏಳೂಕೆ ಕೈ ಬೇಕನೇ?"

"ಬ್ಯಾಡ, ಮುಷ್ಟಿ ಊರ್ತ್ರು" ಅಂದೆ ಹೆಮ್ಮೆಯಿಂದ. ಅವಳು ಲುಂಗಿ ಹಿಂಡಿ ಕೊಡವಿದಳು.

ಮದುವೆಗೆಂದು ಅಪ್ಪ ಮಣ್ಣಿನ ಅಂಗಳಕ್ಕೆ ಸಿಮೆಂಟು ಹಾಕಿಸಿದರು. ನುಣ್ಣಗೆ ಕನ್ನಡಿಯ ಹಾಗೆ ಆಗಬೇಕೆಂದು ಗಾರೆಯವನ ಬೆನ್ನು ಹತ್ತಿ ತೀಡಿಸಿದವರೂ ಅವರೇ. ಮಣ್ಣಿನಲ್ಲೇ ಬೆಳೆದ ಪೈಲ್ವಾನನಿಗೆ ಮರಳೇ ಬೇರೆ, ಸಿಮೆಂಟೇ ಬೇರೆ ಅನ್ನುವುದು ಹೊಳೆಯಲಿಲ್ಲ.

ಮುಹೂರ್ತಕ್ಕೆ ಮೊದಲು ಚಿಕ್ಕಪ್ಪ ಮಡಿ ಉಟ್ಟು ಸಿದ್ಧರಾಗಿದ್ದರು. ಅಪ್ಪ ಅವರನ್ನು ದಾಟಿ ಹೋಗಿ, ಜನ ನೋಡುತ್ತಿದ್ದ ಹಾಗೆ, ಮಣೆಯ ಮೇಲೆ ಕೂತೇಬಿಟ್ಟರು. ಆಯಿಯ ಬಾಯಿ ತೆರೆದದ್ದು ತೆರೆದೇ ಇತ್ತು. ಆಯಿ ತಂಬಿಗೆಯಿಂದ ನೀರು ಹೊಯ್ದಳು, ಅಪ್ಪ ಭಾವನ ಕಾಲು ತೊಳೆದು ಒರೆಸಿದರು. ವಾಲಗ ಜೋರಾಯಿತು. ಗೆದ್ದೆವು ಎಂದು ನಾನು ಕುಣಿದೆ.

ಆಮೇಲೆ ಅಪ್ಪ ಏಳಲು ಮುಷ್ಟಿ ಊರಿದರು. ತೊಳೆದ ನೀರು ಸಿಮೆಂಟಿನ ಮೇಲೆ ಹರಡಿತ್ತು. ಮುಷ್ಟಿ ಜಾರಿತು. ಮತ್ತೊಮ್ಮೆ ಊರಿದರು, ಮತ್ತೂ ಜಾರಿತು. ಹಣೆಯಲ್ಲಿ ಬೆವರು. ವಾಲಗದವರು ಊದುವುದನ್ನು ನಿಲ್ಲಿಸಿದರು. ಚಿಕ್ಕಪ್ಪ ಒಂದು ಹೆಜ್ಜೆ ಮುಂದೆ ಬಂದರು, ಅಪ್ಪ ನೋಡಿದ ನೋಟಕ್ಕೆ ಅಲ್ಲೇ ನಿಂತರು. ಅಯ್ಯೋ ದೇವರೇ, ನೆಲವೆಲ್ಲ ಮರಳಾಗಬಾರದೇ ಎಂದು ನಾನು ಬೇಡಿಕೊಂಡೆ.

ಆಗ ಭಾವನ ಪಕ್ಕದಲ್ಲಿದ್ದ ಅಕ್ಕ ಎದ್ದಳು. ಬಾಸಿಂಗ ಕಟ್ಟಿದ ಮದುಮಗಳು ಒದ್ದೆ ನೆಲದಲ್ಲಿ ಒಂದು ಕಾಲು ಮುಂದಿಟ್ಟು ಗಟ್ಟಿಯಾಗಿ ನಿಂತು, ಬಲಗೈ ಚಾಚಿದಳು, ಹೆಬ್ಬೆರಳು ಮೇಲಕ್ಕೆ. ಅದು ಎತ್ತಲು ಬಂದವಳ ಕೈ ಅಲ್ಲ, ಅಖಾಡಕ್ಕೆ ಇಳಿದವಳ ಕೈ.

ಅಪ್ಪ ಆ ಕೈಯನ್ನೇ ನೋಡಿದರು. ಹಿಡಿದರು. ಅಕ್ಕ ಜಗ್ಗಿದಳು, ಅಪ್ಪ ಎದ್ದರು.

"ಕಂಡ್ರಾ?" ಎಂದು ಚಪ್ಪರಕ್ಕೆಲ್ಲ ಕೇಳುವ ಹಾಗೆ ಅಂದರು. ನಗುತ್ತಿದ್ದರು, ಕಣ್ಣಲ್ಲಿ ನೀರು ಹರಿಯುತ್ತಿತ್ತು. "ಇಷ್ಟು ವರ್ಷ ಯಾರ ಕೈಲೂ ಆಗ್ಲಿಲ್ಲ. ನನ್ನ ಚಿತ್ ಮಾಡ್ತು ನನ್ನ ಮಗ್ಳು!"

ಅಪ್ಪ ಹೋಗಿ ವರ್ಷಗಳಾದವು. ಅಗಲವಾದ ಹೆದ್ದಾರಿ ಹಳೆಯ ಗರಡಿಯನ್ನು ತೆಗೆದುಕೊಂಡಿತು, ನಮ್ಮ ಸಿಮೆಂಟಿನ ಅಂಗಳವನ್ನೂ. ಹೊನ್ನೆ ಎಣ್ಣೆ ಕಾಯಿಸುವವರು ಯಾರೂ ಇಲ್ಲ. ನನ್ನ ಮೊಣಕಾಲೂ ಈಗ ಕಟಕಟ ಅನ್ನುತ್ತದೆ, ಆದರೆ ಯಾವ ಕುಸ್ತಿ ಗೆದ್ದದ್ದಕ್ಕೂ ಅಲ್ಲ.

ಕಳೆದ ವೈಶಾಖದಲ್ಲಿ ಕುಮಟೆಯ ಒಂದು ಕಲ್ಯಾಣಮಂಟಪದಲ್ಲಿ ಅಕ್ಕನ ಮಗಳ ಮದುವೆ. ಎಲ್ಲರಿಗೂ ಕುರ್ಚಿ, ಊಟಕ್ಕೂ ಕುರ್ಚಿ. ಮದುಮಗನಿಗೆ ಸೋಫಾ, ಕಾಲು ತೊಳೆಯುವ ಭಾವನಿಗೆ ಸ್ಟೂಲು. ನೆಲಕ್ಕೆ ಯಾರೂ ಇಳಿಯಬೇಕಾಗಿರಲಿಲ್ಲ. ತೊಳೆದು ಮುಗಿಸಿ ಭಾವ ಸಲೀಸಾಗಿ ಎದ್ದು ನಿಂತರು.

ಪಕ್ಕದಲ್ಲಿದ್ದ ಅಕ್ಕನ ಬಲಗೈ ಅಷ್ಟರಲ್ಲಿ ಮುಂದೆ ಬಂದಿತ್ತು, ಹೆಬ್ಬೆರಳು ಮೇಲಕ್ಕೆ.

"ಎಂತದೇ?" ಅಂದರು ಭಾವ.

"ಎಂತದೂ ಅಲ್ಲ" ಎಂದು ಅಕ್ಕ ಆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಕೈ ಒದ್ದೆಯಾಗಿರಲೇ ಇಲ್ಲ.